ಡೇರಿ ಲೆಕ್ಕಕ್ಕೆ ಆಕ್ಸೆಸ್ ಸಾಲದಾದಾಗ

ಊರಿನ ಡೇರಿಗೆ 200 ಮಂದಿ ಎರಡು ಹೊತ್ತು ಹಾಲು ಹಾಕುತ್ತಾರೆ ಎಂದುಕೊಳ್ಳಿ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಸೇರಿ ಒಬ್ಬರಿಗೆ ಹೊತ್ತಿಗೊಂದು ಸಾಲು ಬರೆದರೆ ವರ್ಷಕ್ಕೆ 1,46,000 ಸಾಲು. ಕಂಪ್ಯೂಟರ್‌ನಲ್ಲಿ ಈ ಲೆಕ್ಕ ಇಡುವ ಮೈಕ್ರೋಸಾಫ್ಟ್ ಆಕ್ಸೆಸ್ ಇಷ್ಟನ್ನು ಸಲೀಸಾಗಿ ಹೊರುತ್ತದೆ. ಅದರ ಒಂದು ಫೈಲಿನ ಮಿತಿ 2 ಜಿಬಿ. ಬರೀ ಅಂಕಿಗಳೇ ಆದರೆ ಅದು ತುಂಬಲು ವರ್ಷಗಟ್ಟಲೆ ಬೇಕು. ಹಾಗಾಗಿ 'ಡೇಟಾ ಜಾಸ್ತಿಯಾಯ್ತು, ದೊಡ್ಡ ಸಾಫ್ಟ್‌ವೇರ್ ಹಾಕಿಸಿ' ಎಂದು ಯಾರಾದರೂ ಬಂದರೆ ಅವಸರ ಬೇಡ ಎನ್ನುತ್ತೇವೆ ನಾವು. ಒಂದೇ ಕಂಪ್ಯೂಟರ್ ಇರುವ ಡೇರಿಗೆ ಆಕ್ಸೆಸ್ಸೇ ಸಾಕು.

ತೊಂದರೆ ಶುರುವಾಗುವುದು ಎರಡನೇ ಕಂಪ್ಯೂಟರ್ ಬಂದಾಗ. ಒಂದರಲ್ಲಿ ಹಾಲಿನ ಅಳತೆ, ಇನ್ನೊಂದರಲ್ಲಿ ಬಟವಾಡೆ, ಹಿಂಡಿ-ಬೂಸಾ ಬಾಕಿಯ ಕಡಿತ. ಆಕ್ಸೆಸ್‌ನಲ್ಲಿ ಎರಡೂ ಒಂದೇ ಫೈಲಿಗೆ ನೇರವಾಗಿ ಕೈ ಹಾಕುತ್ತವೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲ್ ಕೆಡಬಹುದು. ನಮ್ಮ ಹಳ್ಳಿಗಳ ಕರೆಂಟಿನ ಬಗ್ಗೆ ನಿಮಗೇನು ಹೇಳುವುದು!

ಪೋಸ್ಟ್‌ಗ್ರೆಸ್, ಮಾರಿಯಾಡಿಬಿ, ಎಸ್‌ಕ್ಯೂಎಲ್ ಸರ್ವರ್ ನಡೆದುಕೊಳ್ಳುವ ರೀತಿ ಬೇರೆ. ಫೈಲ್ ಮುಟ್ಟುವುದು ಸರ್ವರ್ ಮಾತ್ರ, ಉಳಿದ ಕಂಪ್ಯೂಟರ್‌ಗಳು ಅದನ್ನು ಕೇಳಬೇಕು. ಮಾಡಲಿರುವ ಬದಲಾವಣೆಯನ್ನು ಅದು ಮೊದಲು ತನ್ನ ಲಾಗ್‌ನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಇಡೀ ಬಟವಾಡೆಯನ್ನು ಒಂದೇ ವ್ಯವಹಾರವಾಗಿ ಬರೆಯಿಸಿದ್ದರೆ, ನಡುವೆ ಕರೆಂಟ್ ಹೋದರೂ ಅದು ಒಂದೋ ಪೂರ್ತಿ ಆಗಿರುತ್ತದೆ, ಇಲ್ಲವೇ ಆಗಿಯೇ ಇರುವುದಿಲ್ಲ. ಅರ್ಧ ಮಂದಿಗೆ ಜಮಾ ಆಗಿ ಉಳಿದವರು ಕಾರ್ಯದರ್ಶಿಯ ಕೊರಳಪಟ್ಟಿ ಹಿಡಿಯುವ ಪ್ರಸಂಗ ಬರುವುದಿಲ್ಲ.

ನಮ್ಮ ಮತ ಪೋಸ್ಟ್‌ಗ್ರೆಸ್‌ಗೆ. ಲೈಸೆನ್ಸ್‌ಗೆ ಒಂದು ಪೈಸೆಯೂ ಬೇಡ. ಎಸ್‌ಕ್ಯೂಎಲ್ ಸರ್ವರ್‌ನ ಎಕ್ಸ್‌ಪ್ರೆಸ್ ಆವೃತ್ತಿಯೂ ಉಚಿತವೇ, ಡೇರಿಗೆ ಸಾಲುವಷ್ಟಿದೆ. ಆದರೆ 2022ರ ಆವೃತ್ತಿಯಲ್ಲಿ ಒಂದು ಡೇಟಾಬೇಸ್ 10 ಜಿಬಿ ದಾಟುವಂತಿಲ್ಲ. ಹಳೆಯ ಆಕ್ಸೆಸ್ ಪರದೆಗಳನ್ನು ಎಸೆಯಬೇಕಿಲ್ಲ. ಟೇಬಲ್‌ಗಳನ್ನಷ್ಟೇ ಪೋಸ್ಟ್‌ಗ್ರೆಸ್‌ಗೆ ಸಾಗಿಸಿ ಓಡಿಬಿಸಿ ಮೂಲಕ ಜೋಡಿಸಬಹುದು. ಕೆಲಸದವರ ಕೈಗೆ ರೂಢಿಯಾದ ಪರದೆಯೇ ಉಳಿಯುತ್ತದೆ.

ಯಾವುದನ್ನೇ ಹಾಕಿಸಿ, ಅಡ್ಮಿನ್ ಪಾಸ್‌ವರ್ಡ್ ಸಂಘದ ಬೀರುವಿನಲ್ಲಿರಬೇಕು. ಹಾಕಿಕೊಟ್ಟವರ ತಲೆಯೊಳಗೆ ಮಾತ್ರ ಇದ್ದರೆ, ಅವರು ಊರು ಬಿಟ್ಟ ದಿನ ಹಾಲು ಹಾಕಿದವರ ಲೆಕ್ಕವೂ ಜೊತೆಗೇ ಹೋದಂತೆ. ಲೆಕ್ಕವೆಲ್ಲ ಸಿಎಸ್‌ವಿ ಫೈಲಾಗಿ ಹೊರಗೆ ಬರುತ್ತದೆಯೇ ಎಂದು ಹಣ ಕೊಡುವ ಮೊದಲೇ ಮಾಡಿಸಿ ನೋಡಿ. ಬ್ಯಾಕಪ್ ಇದೆ ಎಂಬ ಮಾತಿಗೆ ತಲೆಯಾಡಿಸಿ ಸುಮ್ಮನಾಗಬೇಡಿ. ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ಹೋದ ತಿಂಗಳ ನಿಮ್ಮ ಬಿಲ್ ತೋರಿಸಲಿ. ಮುಂದಿನ ಮಹಾಸಭೆಯಲ್ಲೇ ಕೇಳಿ.