ಚಾಮಯ್ಯ ಮೇಷ್ಟರೂ ಕಣ್ಣೀರೂ

ಕಣ್ಣೀರಿನ ವಿಷಯದಲ್ಲಿ ನಮ್ಮ ದೇವನೂರಿನವರು ಜಿಪುಣರಲ್ಲ. ಲಕ್ಷ್ಮೀಶ ಕವಿಯ ಊರೆಂದು ಹೆಸರಾದ ಇಲ್ಲಿ, ಜೈಮಿನಿ ಭಾರತದ ಸೀತಾಪರಿತ್ಯಾಗವನ್ನು ವಾಚಿಸುವಾಗ ನಮ್ಮ ತಾಯಿಯವರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದರು. ಅದನ್ನು ಯಾರೂ ಹಳಿಯುತ್ತಿರಲಿಲ್ಲ. ಅದೇ ತಾಯಿಯವರು ಕಡೂರಿನ ಟೆಂಟಿನಲ್ಲಿ ‘ನಾಗರಹಾವು’ ಚಿತ್ರವನ್ನು ನೋಡಿ ಅತ್ತು ಬಂದಾಗ ಮಾತ್ರ, ಮನೆಗೆ ಬಂದಿದ್ದ ವಿದ್ವಾಂಸರೊಬ್ಬರು ನಕ್ಕುಬಿಟ್ಟರು.

1972ರಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಆ ಚಿತ್ರವನ್ನು ಜನರು ಮುಗಿಬಿದ್ದು ನೋಡಿದರು. ಆದರೆ ಮೂಲ ಕಾದಂಬರಿಗಳ ಕರ್ತೃಗಳಾದ ತ.ರಾ.ಸು. ಅವರೇ, ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ಬೇಸರಪಟ್ಟುದು ಪ್ರಸಿದ್ಧವಾದ ಸಂಗತಿ. 1970ರ ‘ಸಂಸ್ಕಾರ’ಕ್ಕೆ ಆಗಲೇ ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಪ್ರಶಸ್ತಿ ದೊರೆತಿತ್ತು. ಅಂತಹ ಮಿತಭಾಷಿ ಚಿತ್ರಗಳಿಗೆ ಒಗ್ಗಿದ ಕಣ್ಣಿಗೆ ರಾಮಾಚಾರಿಯ ಹಾಡು, ಆವೇಶ, ಬಂಡೆಯ ತುದಿಯ ಸಾವು ಇವೆಲ್ಲ ಅತಿಯೆನಿಸಿದರೆ ಆಶ್ಚರ್ಯವಿಲ್ಲ. ಅತಿಯೇ ಹೌದು. ಆದರೆ ಅಳುವವನ ಮೇಲೆ ನಕ್ಕುಬಿಟ್ಟರೆ ವಿಮರ್ಶಕನ ಕೆಲಸ ಮುಗಿಯಿತೇ?

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ಹೇಳುವಾಗ ಪ್ರೇಕ್ಷಕರ ನಗೆ, ಉದ್ಗಾರ, ರೋಮಾಂಚಗಳನ್ನು ತಳ್ಳಿಹಾಕುವುದಿಲ್ಲ. ಅವು ಮಾನುಷೀ ಸಿದ್ಧಿಯ ಗುರುತುಗಳು. ವಿವಾದ ಹುಟ್ಟಿದರೆ ತೀರ್ಪು ಹೇಳಲು ಪ್ರಾಶ್ನಿಕರಿರಬೇಕು ಎನ್ನುತ್ತಾನೆ: ಯಜ್ಞದ ವಿಷಯಕ್ಕೆ ಯಜ್ಞವನ್ನು ಬಲ್ಲವನು, ಛಂದಸ್ಸಿಗೆ ಛಂದೋವಿದ, ಬಿಲ್ಲುಗಾರಿಕೆಗೆ ಬಿಲ್ಲುಗಾರ. ವೇಶ್ಯೆಗೂ ಆ ಪಂಕ್ತಿಯಲ್ಲಿ ಸ್ಥಾನವುಂಟು. ಹಾಗಾದರೆ ಮೇಷ್ಟರ ಪಾತ್ರಕ್ಕೆ ಮೇಷ್ಟರೇ ಪ್ರಾಶ್ನಿಕರಾಗಬೇಕಲ್ಲವೇ? ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಅಧಿಕಾರದಿಂದ ಒಂದು ಮಾತು ಹೇಳುವೆವು.

ಅಶ್ವತ್ಥರು ಅಭಿನಯಿಸಿದ ಚಾಮಯ್ಯ ಮೇಷ್ಟರನ್ನು ಜನರು ದೇವರೆಂದು ಕೊಂಡಾಡುತ್ತಾರೆ. ಆ ದೇವರೇ ತನ್ನ ಪ್ರೀತಿಯ ಹುಡುಗನಿಗೆ ಅಲಮೇಲುವನ್ನು ಬಿಟ್ಟುಕೊಡೆಂದು ಹೇಳಿ ಒಪ್ಪಿಸುತ್ತದೆ! ಹುಡುಗನು ಗುರುವಿನ ಮಾತಿಗೆ ಮಣಿಯುತ್ತಾನೆ; ಆಕೆಯ ಮದುವೆ ಬೇರೆಡೆ ನಡೆದು, ಕೊನೆಗೆ ಆಕೆ ಮೈಮಾರಿಕೊಳ್ಳುವ ದುರ್ಗತಿಗೆ ಬೀಳುತ್ತಾಳೆ. ಚಿತ್ರವು ನಮ್ಮನ್ನು ಅಳಿಸುವುದು ಮೇಷ್ಟರ ಸಾವಿಗೆ. ಅವರ ತಪ್ಪು ಕಣ್ಣೀರಿನಲ್ಲಿ ತೊಳೆದುಹೋಗುತ್ತದೆ. ಅತಿಭಾವುಕವೆಂದು ಮೂಗುಮುರಿದವರಲ್ಲಿ ಎಷ್ಟು ಮಂದಿ ಈ ಸ್ಥಳಕ್ಕೆ ಬೆರಳಿಟ್ಟರೋ ಕಾಣೆವು. ಕಣ್ಣೀರು ಹೆಚ್ಚಾಯಿತೆಂಬ ದೂರು ಸಣ್ಣದು. ಅದು ಯಾರ ಪಾಲಿಗೆ ಸಲ್ಲಬೇಕಾಗಿತ್ತೆಂಬುದು ದೊಡ್ಡದು.

2018ರಲ್ಲಿ ಆ ಚಿತ್ರವು ಹೊಸ ತಂತ್ರದ ಮೆರುಗಿನೊಡನೆ ಪುನಃ ತೆರೆಗೆ ಬಂದಿತು. ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದಾಗ ನೋಡಿದೆವು. ಅದಕ್ಕೆ ಎಷ್ಟೋ ವರ್ಷಗಳ ಹಿಂದೆ ನಾವೂ ಒಬ್ಬ ಶಿಷ್ಯನನ್ನು ಕರೆದು, ಅವನ ಹಿರಿಯರ ಪರವಾಗಿ, ಅಂಥದೇ ಒಂದು ಮಾತನ್ನು ಕೊಡಿಸಿಕೊಂಡಿದ್ದೆವು. ಅವನು ಎದುರಾಡಲಿಲ್ಲ, ತಲೆಬಾಗಿಸಿ “ಆಗಲಿ ಸಾರ್” ಎಂದನು. ಅನಂತರ ಊರಿಗೆ ಬರುವುದನ್ನೇ ಬಿಟ್ಟನು. ಆಗ ಊರವರೆಲ್ಲ ನಮ್ಮನ್ನು ಹೊಗಳಿದ್ದರು.

ಮೇಷ್ಟರು ಬಂಡೆಯಿಂದ ಬಿದ್ದಾಗ ಸುತ್ತಲಿನವರೆಲ್ಲ ಬಿಕ್ಕಿದರು. ನಮ್ಮ ಕಣ್ಣು ಒಣಗಿತ್ತು. ಅದಕ್ಕೆ ಬಹಳ ಮುಂಚೆ, ರಾಮಾಚಾರಿಯು ಒಪ್ಪಿಕೊಂಡು ತಲೆತಗ್ಗಿಸಿದಾಗಲೇ ನಾವು ಅತ್ತು ಮುಗಿಸಿದ್ದೆವು. ಮಗಳು ಏನಾಯಿತೆಂದು ಕೇಳಿದಳು, ಕನ್ನಡಕ ಒರೆಸಿಕೊಳ್ಳುತ್ತ ಧೂಳೆಂದೆವು.