ಅವಸರದ ಸಿಹಿಯೂ ನಮ್ಮೂರ ಗೋಧಿಯೂ

ಪ್ರತಿ ವರ್ಷ ಜನವರಿಯ 12 ಮತ್ತು 13ನೆಯ ತಾರೀಖುಗಳಲ್ಲಿ ಸಂಗೊಳ್ಳಿಯಲ್ಲಿ ರಾಯಣ್ಣನ ಉತ್ಸವವು ಜರುಗುವದು. ಆ ಎರಡು ದಿನ ಊರಿನ ಯಾವ ಮನೆಗೆ ಹೋದರೂ ಪಡಸಾಲೆಯಲ್ಲಿ ಬೀಗರೂ ನೆಂಟರೂ ಕುಳಿತಿರುವರು. ಬಂದವರಿಗೆ ಒಂದು ಸಿಹಿಯನ್ನು ಬಡಿಸದೆ ಕಳಿಸುವದು ಈ ಸೀಮೆಯ ಒಕ್ಕಲಿಗರ ಮನೆತನಕ್ಕೆ ಒಪ್ಪುವ ಮಾತಲ್ಲ. ಆದರೆ ಅದೇ ಕಾಲಕ್ಕೆ ಕಬ್ಬಿನ ಕಡಿತವು ಭರದಿಂದ ನಡೆದಿರುತ್ತದೆ. ಹಿಂಗಾರಿಯ ಜೋಳ, ಕಡಲೆ, ಗೋಧಿಗಳು ಹೊಲದಲ್ಲಿ ನಿಂತಿರುತ್ತವೆ. ಮನೆಯ ಹೆಣ್ಣುಮಗಳು ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಹೊಲಕ್ಕೆ ಹೋಗಿ ಬಂದು, ಮತ್ತೆ ಒಲೆಯ ಮುಂದೆ ಕೂಡ್ರಬೇಕು. ಗೋಧಿಯ ಹುಗ್ಗಿಯಾದರೆ ಕುಟ್ಟಿದ ಗೋಧಿಯನ್ನು ನೆನೆಯಿಟ್ಟು ಬಹಳ ಹೊತ್ತು ಕುದಿಸಬೇಕು. ಹೋಳಿಗೆಯಾದರಂತೂ ಬೇಳೆ ಬೇಯಿಸಿ ಹೂರಣ ರುಬ್ಬುವದರಲ್ಲಿಯೇ ಅರ್ಧ ದಿನ ಕಳೆಯುವದು. ಹೀಗಿರಲು ಅವಳು ಅಂಗಡಿಯ ಪೊಟ್ಟಣಕ್ಕೆ ಕೈ ಹಾಕಿದರೆ ಆಶ್ಚರ್ಯವೇನು?

ಈ ಪೊಟ್ಟಣಗಳನ್ನು ಕಂಡು ಹೆಂಗಸರನ್ನು ದೂರುವ ಹಿರಿಯರು ಊರೂರಲ್ಲಿ ಇದ್ದಾರೆ. ಒಂದು ಕಾಲಕ್ಕೆ ನಾನೂ ಆ ಪಂಗಡಕ್ಕೆ ಸೇರಿದವನಾಗಿದ್ದೆನು. ಸಂಗೊಳ್ಳಿಯ ಒಬ್ಬ ಒಕ್ಕಲಿಗರ ಮನೆಯಲ್ಲಿ ಊಟಕ್ಕೆ ಕುಳಿತಾಗ, ಸಿದ್ಧ ಹಿಟ್ಟಿನ ಗುಲಾಬ ಜಾಮೂನು ಬಡಿಸಿದ್ದನ್ನು ನೋಡಿ, ಗೋಧಿ ಬೆಳೆಯುವ ಮನೆಯಲ್ಲಿ ಇದೇಕೆಂದು ಕೇಳಿಬಿಟ್ಟೆನು. ಆ ತಾಯಿಯು, "ಸಾಹೇಬ್ರ, ಕಬ್ಬು ಕಡಿಯೋ ಮಂದಿಗೆ ರೊಟ್ಟಿ ಬಡೀಬೇಕು, ದನಕ್ಕ ಮೇವು ಹಾಕಬೇಕು. ಹುಗ್ಗಿ ಕುದಿಸ್ಕೋಂತ ಕೂಡಾಕ ಹೊತ್ತೆಲ್ಲೈತ್ರಿ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಕುದಿಸುವ ಕೆಲಸವು ಎಂದೂ ನನ್ನ ಪಾಲಿಗೆ ಬಂದದ್ದಲ್ಲ.

ವಿಚಾರಿಸಿ ನೋಡಿದರೆ, ಅವಸರದ ಸಿಹಿಯು ನಮ್ಮಲ್ಲಿ ಹೊಸದೇನೂ ಅಲ್ಲ. ಮಾದಲಿಯೆಂದರೆ ಮತ್ತೇನು? ಗೋಧಿಯೊಂದಿಗೆ ಸ್ವಲ್ಪ ಕಡಲೆಬೇಳೆ, ಅಕ್ಕಿ ಸೇರಿಸಿ ತರಿಯಾಗಿ ಬೀಸಿ, ದಪ್ಪ ರೊಟ್ಟಿಗಳನ್ನು ಸುಟ್ಟು, ಕುಟ್ಟಿ ಪುಡಿ ಮಾಡಿ, ಬೆಲ್ಲ, ಪುಟಾಣಿ, ಕೊಬ್ಬರಿ, ಗಸಗಸೆ, ಏಲಕ್ಕಿ ಕೂಡಿಸಿ ಡಬ್ಬಿಯಲ್ಲಿಟ್ಟರೆ ಹಲವು ದಿನ ಕೆಡದು. ಅತಿಥಿಯು ಬಂದೊಡನೆ ಬಿಸಿ ಹಾಲು, ತುಪ್ಪ ಹಾಕಿ ಮುಂದಿಟ್ಟರಾಯಿತು. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಕೂಡಿ ಶ್ಯಾವಿಗೆಯ ಮಣೆಯ ಮೇಲೆ ಹೊಸೆದು ಒಣಗಿಸಿ ವರ್ಷಕ್ಕಾಗುವಷ್ಟು ಶೇಖರಿಸುತ್ತಿದ್ದುದೂ ಇದೇ ಯುಕ್ತಿಯು. ಬಿಡುವಿದ್ದಾಗ ದುಡಿದು, ಬಿಡುವಿಲ್ಲದ ದಿನಕ್ಕೆ ಹೊತ್ತನ್ನು ಕೂಡಿಡುವದು! ಆಮೇಲೆ ಮಣೆಯ ಸ್ಥಳಕ್ಕೆ ಕೈಯಂತ್ರವು ಬಂದಿತು, ಅದರ ಹಿಂದೆ ವಿದ್ಯುತ್ತಿನ ಯಂತ್ರವು ಬಂದಿತು. ಆದರೂ ನಮ್ಮ ಹಿಟ್ಟನ್ನು ಒಯ್ದು ಕೂಲಿ ಕೊಟ್ಟು ಶ್ಯಾವಿಗೆ ಮಾಡಿಸಿ ತರುವವರೆಗೆ ಗೋಧಿಯು ನಮ್ಮದೇ ಆಗಿತ್ತು. ಅಂಗಡಿಯ ಪೊಟ್ಟಣದಲ್ಲಿ ತಪ್ಪಿಹೋದದ್ದು ಇದೊಂದೇ.

ಹಾಗಾದರೆ ಪೊಟ್ಟಣದಲ್ಲಿ ಇರುವದೇನು? ಒಮ್ಮೆ ನಾನು ಕೊಂಡ ಶ್ಯಾವಿಗೆಯ ಪೊಟ್ಟಣದ ಮುಂಭಾಗದಲ್ಲಿ ತುಂಬಿದ ಗೋಧಿಯ ತೆನೆಯ ಚಿತ್ರವಿತ್ತು. ಹಿಂಭಾಗದ ಸಣ್ಣಕ್ಷರಗಳಲ್ಲಿ ಮೊದಲನೆಯ ಪದಾರ್ಥವು ಮೈದಾ ಎಂದಿತ್ತು. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿನದರಿಂದ ಕಡಿಮೆಯದಕ್ಕೆ ಅನುಕ್ರಮವಾಗಿ ಬರೆಯಬೇಕೆಂದು ಆಹಾರ ಸುರಕ್ಷತೆಯ ನಿಯಮವಿರುವದರಿಂದ, ಮೊದಲನೆಯ ಹೆಸರನ್ನು ಓದಿದರೆ ಸಾಕು, ಪೊಟ್ಟಣದ ಹೊಟ್ಟೆಯು ತಿಳಿಯುವದು. ಓದು ಬಲ್ಲ ಮಕ್ಕಳನ್ನು ಅಂಗಡಿಗೆ ಕಳಿಸುವ ತಾಯಂದಿರು ಈ ಒಂದು ಪಾಠವನ್ನು ಹೇಳಿ ಕಳಿಸಬೇಕು.

ಬೆಲ್ಲದ ವಿಷಯದಲ್ಲಿ ಚೀಟಿಗಿಂತ ಕಣ್ಣೇ ಮೋಸ ಮಾಡುವದು. ಬಂಗಾರದ ಬಣ್ಣದ ಬೆಲ್ಲಕ್ಕೆ ಪೇಟೆಯಲ್ಲಿ ಬೆಲೆ ಹೆಚ್ಚೆಂದು ಕೆಲವು ಗಾಣಗಳಲ್ಲಿ ಕುದಿಯುವ ರಸಕ್ಕೆ ಹೈಡ್ರೋಸ್ ಎಂಬ ಗಂಧಕದ ಪುಡಿಯನ್ನು ಹಾಕುವರು. ಆ ಬಣ್ಣವು ಬಹಳ ದಿನ ನಿಲ್ಲುವದಿಲ್ಲ, ಕೂಡಿಟ್ಟಂತೆ ಕಪ್ಪಾಗುವದು. ಸುಣ್ಣವನ್ನೂ ಬೆಂಡೆಯ ಗಿಡದ ಲೋಳೆಯನ್ನೂ ಬಳಸಿ ಹೊಲಸು ತೆಗೆದ ಬೆಲ್ಲವು ತುಸು ಕಂದಾಗಿದ್ದರೂ ಒಳ್ಳೆಯದು. ಕೊಳ್ಳುವವರು ಕಂದು ಬೆಲ್ಲವನ್ನು ಕೇಳತೊಡಗಿದರೆ ಗಾಣದವರು ಪುಡಿಯನ್ನು ತಾವಾಗಿಯೇ ಬಿಟ್ಟಾರು.

ಈಗ ಕಾಲು ತಾಸಿಗಿಂತ ತುಸು ಹೆಚ್ಚಿನ ಹೊತ್ತಿನಲ್ಲಿ ಆಗುವ ಒಂದು ಸಿಹಿಯನ್ನು ಹೇಳುವೆನು. ಇದಕ್ಕೆ ಬೇಕಾದದ್ದೆಲ್ಲ ಅಂಗಡಿಯಲ್ಲಿ ಸಿಗುವಂಥಾದ್ದು. ಜವೆಗೋಧಿಯ ರವೆ ಒಂದು ಬಟ್ಟಲು ತೆಗೆದುಕೊಂಡು, ಎರಡು ಚಮಚ ತುಪ್ಪದಲ್ಲಿ ಸಣ್ಣ ಉರಿಯ ಮೇಲೆ ಘಮಘಮಿಸುವಂತೆ ಹುರಿಯಬೇಕು. ಮೂರು ಬಟ್ಟಲು ಕುದಿಯುವ ನೀರು ಹೊಯ್ದು ಮುಚ್ಚಿಡಬೇಕು. ಈ ರವೆಯು ಗಟ್ಟಿಯಾದ್ದರಿಂದ ಇನ್ನರ್ಧ ಬಟ್ಟಲು ಬೇಡಿದರೂ ಬೇಡೀತು. ಅಷ್ಟರಲ್ಲಿ ಒಂದು ಬಟ್ಟಲು ಬೆಲ್ಲದ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿಕೊಂಡು, ರವೆ ಬೆಂದ ಮೇಲೆಯೇ ಕೂಡಿಸಬೇಕು. ಮೊದಲೇ ಹಾಕಿದರೆ ರವೆಯು ಬೇಯದೆ ನಿಲ್ಲುವದು. ಏಲಕ್ಕಿ, ಒಣಕೊಬ್ಬರಿ ಉದುರಿಸಿ ಇಳಿಸಿದರೆ ಸಜ್ಜಕವು ಸಿದ್ಧ. ಹಾಲನ್ನು ಒಲೆಯ ಮೇಲೆ ಕೂಡಿಸಬಾರದು, ಬಡಿಸುವಾಗ ಹಾಕಿಕೊಳ್ಳಬೇಕು. ಬೆಲ್ಲದಲ್ಲಿಯ ಹುಳಿ, ಕ್ಷಾರಗಳಿಂದ ಬಿಸಿ ಹಾಲು ಒಡೆಯುವ ಸಂಭವವುಂಟು. ನಾನು ಒಮ್ಮೆ ಅವಸರಪಟ್ಟು ಕುದಿಯುವ ಬೆಲ್ಲದಲ್ಲಿ ಹಾಲು ಸುರಿದು, ಮನೆಯವರ ಬಾಯಿಂದ ಮಾತು ಕೇಳಿದ್ದುಂಟು.

ಜವೆಗೋಧಿಯನ್ನೇ ಏಕೆ ಹೇಳಿದೆನೆಂದರೆ, ಅದು ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಸೀಮೆಗಳ ಹಳೆಯ ಪೈರು. ರವೆ, ಶ್ಯಾವಿಗೆಗಳಿಗೆ ಇದರ ಕೆಂಪು ಕಾಳು ಹೇಳಿ ಮಾಡಿಸಿದಂತಿರುವದು. ಹಿಂದಿನ ತಳಿಗಳು ಎತ್ತರವಾಗಿ ಬೆಳೆದು ನೆಲಕ್ಕೆ ಬೀಳುತ್ತಿದ್ದವು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಡಿಡಿಕೆ-1025, ಡಿಡಿಕೆ-1029 ಎಂಬ ಗಿಡ್ಡ ತಳಿಗಳನ್ನು ಕೊಟ್ಟಿದೆ. ಒಂದು ತೊಡಕು ಮಾತ್ರ ಉಳಿದಿದೆ. ಈ ಗೋಧಿಯನ್ನು ಒಕ್ಕಿದರೂ ಕಾಳಿಗೆ ಹೊಟ್ಟು ಅಂಟಿಕೊಂಡೇ ಬರುವದು; ಹೊಟ್ಟನ್ನು ಬಿಡಿಸಿದರೆ ತೂಕದಲ್ಲಿ ಸುಮಾರು ಕಾಲು ಭಾಗ ಕಡಿಮೆಯಾಗುವದು. ಬಿಡಿಸುವ ಯಂತ್ರವು ಸಮೀಪದಲ್ಲಿಲ್ಲದ ಒಕ್ಕಲಿಗನು ಹೊಟ್ಟು ಸಹಿತವಾಗಿ ಮಾರಿಬಿಡುವನು. ಅದೇ ಗೋಧಿಯು ಶುಚಿಯಾಗಿ, ರವೆಯಾಗಿ, ಬಣ್ಣದ ಪೊಟ್ಟಣವಾಗಿ ತಿರುಗಿ ಬಂದಾಗ ಅವನ ಹೆಂಡತಿಯೇ ಅದನ್ನು ಕೊಳ್ಳುವಳು. ಮಾರಿದ ಚೀಟಿಯನ್ನೂ ಕೊಂಡ ಚೀಟಿಯನ್ನೂ ಒಂದರ ಪಕ್ಕಕ್ಕೆ ಒಂದನ್ನಿಟ್ಟು ನೋಡಿರೆಂದು ನಾನು ಒಕ್ಕಲಿಗ ಬಂಧುಗಳನ್ನು ಬೇಡಿಕೊಳ್ಳುವೆನು.

ಆದುದರಿಂದ ಪೊಟ್ಟಣವನ್ನು ಬಿಡಿಸುವದರಲ್ಲಿ ಶ್ರಮಪಡುವ ಬದಲು, ಪೊಟ್ಟಣವನ್ನು ಸಂಗೊಳ್ಳಿಯಲ್ಲಿಯೇ ಕಟ್ಟುವದು ಮೇಲೆಂದು ನನ್ನ ಅಭಿಪ್ರಾಯವು. ಇದರಲ್ಲಿ ನಿರೀಕ್ಷಕರಾದ ನಮ್ಮ ತಪ್ಪೂ ಇಲ್ಲದಿಲ್ಲ. ಬೀಜ, ಗೊಬ್ಬರ, ತುಕ್ಕುರೋಗಗಳ ಮಾತಾಡಿ ಹೊಲದ ಬದುವಿನಿಂದಲೇ ಹಿಂತಿರುಗುತ್ತೇವೆ. ಕಾಳು ಎಲ್ಲಿಗೆ ಹೋಯಿತೆಂದು ಕೇಳುವದಿಲ್ಲ. ಕೇಂದ್ರ ಸರಕಾರವು 2020ರಲ್ಲಿ ಆರಂಭಿಸಿದ ಕಿರು ಆಹಾರ ಉದ್ದಿಮೆಗಳ ಯೋಜನೆಯಲ್ಲಿ ವೆಚ್ಚದ ನೂರಕ್ಕೆ 35ರಷ್ಟು ಸಹಾಯಧನವನ್ನು ಗೊತ್ತುಪಡಿಸಲಾಯಿತು. ಕರ್ನಾಟಕ ಸರಕಾರವು ತನ್ನ ಪಾಲನ್ನು ಸೇರಿಸಿ ಅದನ್ನು ನೂರಕ್ಕೆ 50ಕ್ಕೆ ಏರಿಸಿತು. ಬೆಳಗಾವಿ ಜಿಲ್ಲೆಗೆ ಬೆಲ್ಲವನ್ನೇ ವಿಶೇಷ ಉತ್ಪನ್ನವೆಂದು ಆರಿಸಲಾಯಿತು. ಬೆಲ್ಲ ನಮ್ಮದು, ಗೋಧಿ ನಮ್ಮದು, ಮಾದಲಿಯ ಕೈಗುಣವಂತೂ ಇಲ್ಲಿಯ ಅಕ್ಕಂದಿರದೇ. ಸ್ತ್ರೀಶಕ್ತಿ ಸಂಘದವರು ಹೊಟ್ಟು ಬಿಡಿಸುವ ಯಂತ್ರವೊಂದನ್ನು ಹಾಕಿಸಿದರೆ, ಮಾದಲಿ, ರವೆ, ಶ್ಯಾವಿಗೆ ಮೂರನ್ನೂ ಮಾರಬಹುದು.

ಯಂತ್ರವನ್ನು ಕೊಳ್ಳುವ ಮುನ್ನ ಬೇರೆ ಊರಿನಲ್ಲಿ ನಡೆಯುವದನ್ನು ಕಣ್ಣಾರೆ ನೋಡಿ ಬರಬೇಕು; ಕಾಳು ಎಷ್ಟು ಒಡೆಯುವದೆಂಬದನ್ನು ಮುಖ್ಯವಾಗಿ ನೋಡಬೇಕು. ಗೋಧಿಯ ಸುಗ್ಗಿಯು ಫೆಬ್ರುವರಿ, ಮಾರ್ಚಿಯಲ್ಲಿ ಬರುವದು. ಶ್ಯಾವಿಗೆ ಒಣಗಿಸುವ ಬಿಸಿಲು ಅದರ ಬೆನ್ನಿಗೇ ಇದೆ.