ಉಣುಗಿನ ಒಡಲಿನ ಸಹಜ ಕ್ರಿಮಿಗಳು

ಮಳೆ ಹಿಂದೆ ಸರಿದು ಕಾಫಿ ಕೊಯ್ಲು ಆರಂಭವಾಗುವ ವೇಳೆಗೆ ಸಕಲೇಶಪುರ, ಆಲೂರು ಸೀಮೆಯ ತೋಟ ಹಾಗೂ ಕಾಡಂಚುಗಳಲ್ಲಿ ಉಣುಗುಗಳ ಕಾಟವೂ ಆರಂಭವಾಗುತ್ತದೆ. ಉಣುಗು ಎಂದೊಡನೆ ಮಲೆನಾಡಿಗರಿಗೆ ನೆನಪಾಗುವುದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಅದು ವೈರಾಣುವಿನಿಂದ ಬರುವಂಥದು. ಆದರೆ ಉಣುಗಿನ ಒಡಲಿನಲ್ಲಿ ಬ್ಯಾಕ್ಟೀರಿಯಾಗಳೂ ಮನೆಮಾಡಿಕೊಂಡಿವೆ. ಅವುಗಳ ವಿಚಾರವನ್ನು ದನಕರು ಸಾಕಿರುವ ನಮ್ಮ ಭಕ್ತಾದಿಗಳು ತಿಳಿದಿರುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಉಣುಗಿಗೆ ರಕ್ತವೊಂದೇ ಆಹಾರ. ರಕ್ತದಲ್ಲಿ ಬಿ ವರ್ಗದ ಜೀವಸತ್ವಗಳು ಅತ್ಯಲ್ಪ. ಆ ಕೊರತೆಯನ್ನು ತುಂಬಿಕೊಡುವುದು ಅದರ ಒಡಲಿನಲ್ಲಿಯೇ ಇದ್ದು, ತಾಯಿಯಿಂದ ಮೊಟ್ಟೆಗೆ ದಾಟಿಬರುವ ಕೆಲವು ಬ್ಯಾಕ್ಟೀರಿಯಾಗಳು. ನಮ್ಮ ದನಗಳ ಕಿವಿ, ಕೆಚ್ಚಲು, ಬಾಲದ ಬುಡಗಳಲ್ಲಿ ಕಾಣುವ ಉಣುಗಿನ ಜಾತಿಯ ಮೇಲೆಯೇ ಬ್ರೆಜಿಲ್ ದೇಶದ ಸಂಶೋಧಕರು ನಡೆಸಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗುಗಳಿಗೆ ಟೆಟ್ರಾಸೈಕ್ಲಿನ್ ಕೊಟ್ಟು ಈ ಬ್ಯಾಕ್ಟೀರಿಯಾಗಳನ್ನು ಕುಗ್ಗಿಸಲಾಯಿತು. ತಾಯಿ ಎಂದಿನಂತೆ ಮೊಟ್ಟೆಯಿಟ್ಟಿತು, ಮರಿಗಳೂ ಹೊರಬಂದವು. ಆದರೆ ಅವು ಪ್ರಾಯಕ್ಕೆ ಬರುವ ಮೊದಲಿನ ಹಂತದಲ್ಲಿಯೇ ನಿಂತುಹೋದವು. ಹಾಗೆಂದು ಒಳಗಿರುವುದೆಲ್ಲವೂ ಉಣುಗಿಗೆ ಹಿತಕಾರಿಯಲ್ಲ. ಅಮೆರಿಕದ ಚುಕ್ಕೆಜ್ವರದ ಬ್ಯಾಕ್ಟೀರಿಯಾ ತನ್ನನ್ನು ಹೊತ್ತ ಉಣುಗನ್ನೇ ಕೊಲ್ಲಬಲ್ಲದು. ಮತ್ತೊಂದು ಬ್ಯಾಕ್ಟೀರಿಯಾ ಉಣುಗಿನಲ್ಲಿ ಹಿಮವನ್ನು ತಡೆಯುವ ಸಸಾರಜನಕವನ್ನು ಹೆಚ್ಚಿಸಿ ಅದನ್ನು ಚಳಿಯಿಂದ ಕಾಪಾಡುತ್ತದೆ.

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳನ್ನು ಹೇಳುವಾಗ ಸಹಜ ಕ್ರಿಮಿಗಳನ್ನು ಬಿಟ್ಟು ಎಂಬ ಮಾತು ಬರುತ್ತದೆ. ದೇಹದೊಡನೆಯೇ ಇದ್ದು ಕೇಡು ಮಾಡದವು ಇವು. ಇಷ್ಟನ್ನೇ ಹಿಡಿದುಕೊಂಡು ಪ್ರಾಚೀನರು ಬ್ಯಾಕ್ಟೀರಿಯಾವನ್ನು ಕಂಡಿದ್ದರೆಂದು ಸಾರುವುದನ್ನು ನಾವು ಒಪ್ಪುವುದಿಲ್ಲ. ಆದರೆ ಕ್ರಿಮಿಗಳೆಲ್ಲವೂ ಶತ್ರುಗಳಲ್ಲವೆಂಬ ವಿವೇಕ ಆ ಮಾತಿನಲ್ಲಿದೆ.

ಇದನ್ನೆಲ್ಲ ಕೇಳಿದವರಿಗೆ, ಹಾಗಾದರೆ ದನಗಳಿಗೆ ಟೆಟ್ರಾಸೈಕ್ಲಿನ್ ಕೊಟ್ಟರೆ ಉಣುಗಿನ ವಂಶವೇ ಅಳಿಯುವುದಲ್ಲವೇ ಎಂದು ತೋರಬಹುದು. ಅದು ತಪ್ಪು ದಾರಿ. ಪ್ರಯೋಗಶಾಲೆಯಲ್ಲಿ ನಡೆದದ್ದು ಕೊಟ್ಟಿಗೆಯ ಚಿಕಿತ್ಸೆಯಾಗದು. ಪಶುವೈದ್ಯರ ಸಲಹೆಯಿಲ್ಲದೆ ಕೊಟ್ಟ ಔಷಧದ ಶೇಷ ಹಾಲಿಗೆ ಇಳಿಯುತ್ತದೆ, ದನದ ಒಡಲಿನ ಸಹಜ ಕ್ರಿಮಿಗಳನ್ನೂ ಕೆಡಿಸುತ್ತದೆ, ಔಷಧಕ್ಕೆ ಬಗ್ಗದ ರೋಗಾಣುಗಳನ್ನು ಬೆಳೆಸುತ್ತದೆ. ಕಾಡಿನಿಂದ ತಂದ ತರಗೆಲೆಯನ್ನು ಕೊಟ್ಟಿಗೆಗೆ ಹಾಸುವುದನ್ನು ಬಿಡುವುದು, ಗೋಡೆಯ ಬಿರುಕುಗಳನ್ನು ಮುಚ್ಚುವುದು, ದನದ ಮೈಯನ್ನು ದಿನವೂ ತಡವಿ ನೋಡುವುದು ಇದಕ್ಕಿಂತ ಎಷ್ಟೋ ಮೇಲು. ಒಂದು ಹೆಣ್ಣು ಉಣುಗು ಎರಡು ಸಾವಿರಕ್ಕೂ ಹೆಚ್ಚು ಮೊಟ್ಟೆಯಿಡುವುದರಿಂದ ಇಂದು ತೆಗೆದ ಒಂದು ಉಣುಗೂ ಲೆಕ್ಕಕ್ಕೆ ಬರುತ್ತದೆ.

ಟೆಟ್ರಾಸೈಕ್ಲಿನ್ ವರ್ಗದ್ದೇ ಆದ ಡಾಕ್ಸಿಸೈಕ್ಲಿನ್ ಮನುಷ್ಯರ ಪ್ರಾಣ ಉಳಿಸುವ ಔಷಧ. ಉಣುಗಿನಿಂದ ಹರಡುವ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾದ ಜ್ವರ ನಮ್ಮ ದೇಶದಲ್ಲಿಯೂ ಇದೆ. ತೀವ್ರ ಜ್ವರ, ತಲೆನೋವು, ಮೈಕೈ ನೋವು, ಕೆಲವು ದಿನಗಳಲ್ಲಿ ಅಂಗೈ ಅಂಗಾಲುಗಳಲ್ಲಿಯೂ ಏಳುವ ಕೆಂಪು ಗಂಧೆಗಳು, ಕೆಲವರಲ್ಲಿ ಕಚ್ಚಿದೆಡೆ ಕರಿಯ ಹಕ್ಕಳೆ ಇದರ ಲಕ್ಷಣ. ಮೂರು ದಿನ ಅಮೃತಬಳ್ಳಿಯ ಕಷಾಯ ಕುಡಿದು ನೋಡೋಣವೆಂದು ಕಾಯುವವರಿಗೆ, ಆಯುರ್ವೇದವನ್ನೇ ವೃತ್ತಿಯಾಗಿಸಿಕೊಂಡ ನಾವೇ ಹೇಳುತ್ತೇವೆ: ಕಾಯಬೇಡಿರಿ. ಕಷಾಯ ಪಥ್ಯದ ಜೊತೆಗಿರಲಿ. ಆಸ್ಪತ್ರೆಗೆ ಹೋಗಿ, ತೋಟದಲ್ಲಿ ದುಡಿದದ್ದನ್ನೂ ಉಣುಗು ಕಚ್ಚಿದ್ದನ್ನೂ ವೈದ್ಯರಿಗೆ ಮೊದಲು ತಿಳಿಸಿರಿ. ಗಂಧೆ ಕಾಣುವವರೆಗೆ ತಡೆದರೆ ಮೂತ್ರಪಿಂಡ, ಶ್ವಾಸಕೋಶ, ಮೆದುಳಿಗೂ ಅಪಾಯವಾಗಬಹುದು. ಮಂಗನ ಕಾಯಿಲೆಗೆ ಮಾತ್ರ ಈ ಔಷಧ ನಾಟುವುದಿಲ್ಲ; ಅಲ್ಲಿ ಬೇಗನೆ ದಾಖಲಾಗಿ ಆರೈಕೆ ಪಡೆಯುವುದೇ ದಾರಿ.

ಮೈಗೆ ಕಚ್ಚಿದ ಉಣುಗಿಗೆ ಸೀಮೆಎಣ್ಣೆ ಸವರುವುದಾಗಲಿ, ಬೀಡಿಯ ಬೆಂಕಿ ತಾಗಿಸುವುದಾಗಲಿ ಬೇಡ. ಚಿಮುಟದಿಂದ ಚರ್ಮಕ್ಕೆ ಸಮೀಪದಲ್ಲಿ ಹಿಡಿದು ನೇರವಾಗಿ ಮೇಲಕ್ಕೆಳೆಯಬೇಕು, ಉಗುರಿನಲ್ಲಿ ಹಿಸುಕಬಾರದು. ಬಳಿಕ ಆ ಜಾಗವನ್ನೂ ಕೈಯನ್ನೂ ಸಾಬೂನಿನಿಂದ ತೊಳೆದು, ಎರಡು ವಾರ ಜ್ವರದ ಮೇಲೆ ನಿಗಾ ಇಡಬೇಕು.